ಕುರ್ಚಿಯಿಂದ ಇಳಿಯಲು ಬಲ್ಲವನು: ಪಾರ್ಮಾದ ಪುನೀತ ಯೊವಾನ್ನ



ಶಹಾಪುರ, ಸುರಪುರದ ಕಡೆಗೆ ಮಿನಿಸ್ಟರ್ ಬರುತ್ತಾರೆಂದರೆ ನಮ್ಮ ದೇವಾಪುರದ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಹಿಂದೆ ಮುಂದೆ ಕಾರುಗಳು, ಪೊಲೀಸರ ಸೀಟಿ, ಹಾರ, ಶಾಲು, ಪೇಟ. ಧೂಳು ಇಳಿಯುವ ಮೊದಲೇ ಅವರು ಮುಂದಿನ ಊರು ಸೇರಿರುತ್ತಾರೆ. ಆದರೆ ಈ 'ಮಿನಿಸ್ಟರ್' ಎಂಬ ಮಾತಿನ ಮೂಲ ಏನು ಗೊತ್ತೇ? ಅದು ಲತೀನ್ ಭಾಷೆಯ ಮಾತು. ಅದರ ಅರ್ಥ ಸೇವಕ, ಊಟಕ್ಕೆ ಕುಳಿತವರಿಗೆ ಬಡಿಸುವ ಆಳು. ಎಂಥ ಮಾತು ಎಲ್ಲಿಗೆ ಬಂದು ಮುಟ್ಟಿತು ನೋಡಿ!

ಅಸ್ಸಿಸಿಯ ಸಂತ ಫ್ರಾನ್ಸಿಸರು ತಮ್ಮ ಸಂನ್ಯಾಸ ಸಭೆಯ ಮುಖ್ಯಸ್ಥರನ್ನು ಕರೆಯಲು ಬೇಕೆಂದೇ ಈ ಮಾತನ್ನು ಆರಿಸಿಕೊಂಡರು. ಆ ಮಾತಿನ ಮೂಲ ಅರ್ಥವನ್ನು ಬಾಳಿ ತೋರಿಸಿದ ಒಬ್ಬ ಮುಖ್ಯಸ್ಥರ ಕಥೆಯನ್ನು ಈ ವಾರ ಧ್ಯಾನಿಸೋಣ. ಅವರ ಹೆಸರು ಪಾರ್ಮಾದ ಯೊವಾನ್ನ. ಸಂತ ಫ್ರಾನ್ಸಿಸರ, ಸಂತ ಅಂತೋಣಿಯವರ ಹೆಸರು ನಮ್ಮ ಮನೆಮನೆಯಲ್ಲಿದೆ. ಇವರ ಹೆಸರು ಕೇಳಿದವರು ಕಡಿಮೆ. ಆದರೂ ಮನೆಯ ಯಜಮಾನಿಕೆ ಹೊತ್ತವರು, ಸಂಘದ ಅಧ್ಯಕ್ಷರಾದವರು, ನನ್ನಂಥ ಗುರುಗಳು, ಎಲ್ಲರೂ ತಿಳಿಯಬೇಕಾದ ಜೀವನ ಇದು.

ಒಡೆಯನಲ್ಲ, ಸೇವಕ

ಸಂತ ಫ್ರಾನ್ಸಿಸರು ತಮ್ಮವರನ್ನು 'ಕಿರಿಯ ಸಹೋದರರು' ಎಂದು ಕರೆದರು. 1221ರ ನಿಯಮದಲ್ಲಿ, ತಮ್ಮಲ್ಲಿ ಯಾರಿಗೂ ಹಿರಿಯ, ಒಡೆಯ ಎಂಬ ಬಿರುದು ಬೇಡ, ಒಬ್ಬರು ಇನ್ನೊಬ್ಬರ ಪಾದ ತೊಳೆಯಲಿ ಎಂಬ ಭಾವದಲ್ಲಿ ಬರೆಸಿದರು. ಬರೆಸಿ ಸುಮ್ಮನಾಗಲಿಲ್ಲ. ಅದಕ್ಕೂ ಒಂದು ವರ್ಷ ಮೊದಲೇ, 1220ರಲ್ಲಿ, ತಾವು ಕಟ್ಟಿದ ಸಭೆಯ ಆಡಳಿತವನ್ನು ತಾವೇ ಬಿಟ್ಟುಕೊಟ್ಟು ಇನ್ನೊಬ್ಬ ಸಹೋದರನಿಗೆ ವಿಧೇಯರಾಗಿ ನಡೆದುಕೊಂಡಿದ್ದರು.

ಆದರೆ ಅಧಿಕಾರ ನೆತ್ತಿಗೇರಲು ಎಷ್ಟು ಹೊತ್ತು ಬೇಕು? ಫ್ರಾನ್ಸಿಸರು 1226ರಲ್ಲಿ ತೀರಿಕೊಂಡರು. 1232ರಲ್ಲಿ ಮುಖ್ಯಸ್ಥರಾದ ಸಹೋದರ ಎಲಿಯಾಸರು ಬಹಳ ಸಮರ್ಥರು. ಅಸ್ಸಿಸಿಯ ಮಹಾದೇವಾಲಯ ಎದ್ದದ್ದು ಅವರ ಮೇಲ್ವಿಚಾರಣೆಯಲ್ಲಿಯೇ. ಆದರೆ ಅವರು ಸಹೋದರರನ್ನು ನೋಡಲು ಮಠಗಳಿಗೆ ಹೋಗುತ್ತಿರಲಿಲ್ಲ, ಕುದುರೆ ಇಟ್ಟುಕೊಂಡಿದ್ದರು, ತಮಗೇ ಬೇರೆ ಅಡುಗೆಯವನನ್ನು ಇಟ್ಟುಕೊಂಡಿದ್ದರು ಎಂಬ ದೂರುಗಳು ಬಂದವು. 1239ರಲ್ಲಿ ಜಗದ್ಗುರು ಒಂಬತ್ತನೇ ಗ್ರೆಗೊರಿಯವರು ಅವರನ್ನು ಆ ಸ್ಥಾನದಿಂದ ಇಳಿಸಬೇಕಾಯಿತು. ಬಡತನದ ವ್ರತ ತೊಟ್ಟವರ ಸಭೆಯೊಳಗೇ ಹೀಗಾದದ್ದು ಫ್ರಾನ್ಸಿಸರು ತೀರಿಕೊಂಡು ಹದಿಮೂರು ವರ್ಷ ತುಂಬುವುದರೊಳಗೆ.

ಕಾಲ್ನಡಿಗೆಯ ಮುಖ್ಯಸ್ಥ

ಯೊವಾನ್ನರು ಇಟಲಿಯ ಪಾರ್ಮಾ ಪಟ್ಟಣದಲ್ಲಿ ಸುಮಾರು 1209ರಲ್ಲಿ ಹುಟ್ಟಿದರು. ಅವರನ್ನು ಓದಿಸಿದವರು ಗುರುಗಳಾಗಿದ್ದ ಅವರ ಚಿಕ್ಕಪ್ಪ. ಚಿಕ್ಕ ವಯಸ್ಸಿನಲ್ಲಿಯೇ ತರ್ಕಶಾಸ್ತ್ರದ ಪಂಡಿತರೆನಿಸಿಕೊಂಡರು. ಆಮೇಲೆ ಫ್ರಾನ್ಸಿಸರ ಸಭೆ ಸೇರಿ ಗುರುದೀಕ್ಷೆ ಪಡೆದು ಬೊಲೋನ್ಯ, ನೇಪಲ್ಸ್ ಪಟ್ಟಣಗಳಲ್ಲಿ ದೈವಶಾಸ್ತ್ರ ಕಲಿಸಿದರು. 1245ರಲ್ಲಿ ಲಿಯೋನ್ ಪಟ್ಟಣದಲ್ಲಿ ನಡೆದ ಧರ್ಮಸಭೆಯ ವಿಶ್ವಪರಿಷತ್ತಿಗೂ ಹೋಗಿದ್ದರು. 1247ರಲ್ಲಿ ಅದೇ ಲಿಯೋನ್‌ನಲ್ಲಿ ಸೇರಿದ ಸಭೆಯ ಮಹಾಸಮ್ಮೇಳನ ಅವರನ್ನು ಪ್ರಧಾನ ಸೇವಕರನ್ನಾಗಿ ಆರಿಸಿತು.

ಆರಿಸಿ ಬಂದ ಯೊವಾನ್ನರು ಮೊದಲು ಮಾಡಿದ ಕೆಲಸವೇನು? ಕೋಲು ಹಿಡಿದು ನಡೆಯತೊಡಗಿದರು. ಜೊತೆಗೆ ಒಬ್ಬಿಬ್ಬರು ಸಹೋದರರು ಮಾತ್ರ. ಕುದುರೆಯಿಲ್ಲ, ಗಾಡಿಯಿಲ್ಲ. ಇಂಗ್ಲೆಂಡ್, ಫ್ರಾನ್ಸ್, ಇಟಲಿ, ಹೀಗೆ ದೇಶದಿಂದ ದೇಶಕ್ಕೆ ಹೋಗಿ ಸಹೋದರರ ಸುಖದುಃಖ ವಿಚಾರಿಸಿದರು. ಸಾಮಾನ್ಯ ಸಹೋದರನಂತೆ ಬಂದು ತಂಗುತ್ತಿದ್ದುದರಿಂದ, ಬಂದವರು ತಮ್ಮ ಮುಖ್ಯಸ್ಥರೆಂದು ಕೆಲವು ಮಠಗಳಲ್ಲಿ ಹಲವು ದಿನ ಗೊತ್ತೇ ಆಗುತ್ತಿರಲಿಲ್ಲವಂತೆ.

ಅವರ ಬಗ್ಗೆ ನಮಗೆ ಹೆಚ್ಚು ತಿಳಿಸಿದವರು ಅದೇ ಊರಿನ, ಅದೇ ಸಭೆಯ ಸಹೋದರ ಸಲಿಂಬೇನೆ. ಇವರ ಚರಿತ್ರೆಯಲ್ಲಿ ಹೊಗಳಿಕೆಯೂ ಇದೆ, ಹರಟೆಯೂ ಇದೆ, ಚುಚ್ಚುಮಾತೂ ಇದೆ. ಎಲಿಯಾಸರ ಕುದುರೆಯ ಕಥೆ ಹೇಳಿದವರೂ ಇವರೇ. ಇಂಥ ಬಾಯಿಬಿಚ್ಚಿ ಬರೆಯುವ ಮನುಷ್ಯ ಯೊವಾನ್ನರ ಬಗ್ಗೆ ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತಾರೆ. ಮಠದಲ್ಲಿ ತರಕಾರಿ ಹಸನು ಮಾಡಲು ಗಂಟೆ ಬಾರಿಸಿದರೆ ಪ್ರಧಾನ ಸೇವಕರೂ ಎದ್ದು ಬಂದು ಉಳಿದವರ ಜೊತೆ ಕುಳಿತು ಕೆಲಸ ಮಾಡುತ್ತಿದ್ದರು. ಒಂದು ದಿನದ ತೋರಿಕೆಯಲ್ಲ, ಎಷ್ಟೋ ಸಲ.

1248ರಲ್ಲಿ ಇನ್ನೊಂದು ಘಟನೆ ನಡೆಯಿತು. ಫ್ರಾನ್ಸಿನ ಅರಸ ಒಂಬತ್ತನೇ ಲೂಯಿ, ಮುಂದೆ ಸಂತರೆನಿಸಿದವರು, ದೂರದ ಯುದ್ಧಯಾತ್ರೆಗೆ ಹೊರಟಿದ್ದರು. ದಾರಿಯಲ್ಲಿ ಸಾನ್ಸ್ ಎಂಬ ಪಟ್ಟಣದಲ್ಲಿ ಫ್ರಾನ್ಸಿಸ್ಕನ್ನರ ಪ್ರಾಂತ್ಯ ಸಮ್ಮೇಳನಕ್ಕೆ ಬಂದು ಎಲ್ಲರಿಗೂ ಊಟ ಹಾಕಿಸಿದರು. ಅರಸರ ಪಂಕ್ತಿಯಲ್ಲಿ ಮಹಾಮಹಾ ವ್ಯಕ್ತಿಗಳು ಕುಳಿತರು. ಯೊವಾನ್ನರಿಗೂ ಅಲ್ಲಿ ಸ್ಥಾನವಿತ್ತು. ಅವರು ಹೋಗಲಿಲ್ಲ. ಬಡ ಸಹೋದರರು ಕುಳಿತಿದ್ದ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದರು. ನಮ್ಮಲ್ಲಿ ಮದುವೆಯ ಊಟಕ್ಕೆ ಹೋದಾಗ ಯಾವ ಸಾಲಿನಲ್ಲಿ ಕೂರಿಸಿದರು, ಯಾರನ್ನು ಮೊದಲು ಮಾತಾಡಿಸಿದರು ಎಂದು ಎಷ್ಟು ವರ್ಷ ನೆನಪಿಟ್ಟುಕೊಳ್ಳುತ್ತೇವೆ ಅಲ್ಲವೇ?

ಅವರ ಆಡಳಿತವೂ ಹಾಗೆಯೇ. ಮಹಾಸಮ್ಮೇಳನದಲ್ಲಿ ಹೊಸ ಹೊಸ ಕಾನೂನು ಮಾಡೋಣವೆಂದು ಕೆಲವರು ಒತ್ತಾಯಿಸಿದಾಗ, ಇರುವ ಕಾನೂನುಗಳನ್ನೇ ಮೊದಲು ಚೆನ್ನಾಗಿ ಪಾಲಿಸೋಣ ಎಂದು ಅವರು ತಡೆದರು. "ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ" ಎಂಬ ಗಾದೆ ನಮ್ಮಲ್ಲಿ ಸಾಮಾನ್ಯವಾಗಿ ಕೆಟ್ಟ ಚಾಳಿಗೆ ಬಳಕೆಯಾಗುತ್ತದೆ. ಅದು ಒಳ್ಳೆಯ ಚಾಳಿಗೂ ಸಲ್ಲುತ್ತದೆ ಎಂಬುದನ್ನು ಯೊವಾನ್ನರು ಬಲ್ಲವರಾಗಿದ್ದರು.

1249ರಲ್ಲಿ ಜಗದ್ಗುರು ನಾಲ್ಕನೇ ಇನ್ನೊಸೆಂಟರು ಅವರನ್ನು ಗ್ರೀಕರ ನಾಡಿಗೆ ಕಳುಹಿಸಿದರು. ರೋಮಿನ ಧರ್ಮಸಭೆಗೂ ಗ್ರೀಕ್ ಧರ್ಮಸಭೆಗೂ ಆಗಿದ್ದ ಬಿರುಕನ್ನು ಮುಚ್ಚುವ ಮಾತುಕತೆಗಾಗಿ ಈ ಯಾತ್ರೆ. ಒಡಕು ಕೂಡಿಬರಲಿಲ್ಲ. ಆದರೆ ಆ ಕೆಲಸ ಮುಗಿಯಲಿಲ್ಲವಲ್ಲ ಎಂಬ ಚಿಂತೆ ಯೊವಾನ್ನರ ಎದೆಯಲ್ಲಿ ಕೊನೆಯವರೆಗೂ ಉಳಿಯಿತು. ಇದನ್ನು ನೆನಪಿನಲ್ಲಿಡಿ.

ಬಿರುಗಾಳಿ ಬೀಸಿತು

ಇಷ್ಟು ಒಳ್ಳೆಯವರಿಗೆ ತೊಂದರೆ ಬಂದದ್ದು ಎಲ್ಲಿಂದ? ತಮ್ಮ ಮನಸ್ಸು ಒಲಿದಿದ್ದ ಒಂದು ವಿಚಾರದಿಂದ.

ದಕ್ಷಿಣ ಇಟಲಿಯಲ್ಲಿ ಯೊವಾಕಿಮ್ ಎಂಬ ಮಠಾಧಿಪತಿ ಇದ್ದರು. 1202ರಲ್ಲಿ ತೀರಿಕೊಂಡವರು. ಲೋಕದ ಚರಿತ್ರೆಯಲ್ಲಿ ಪಿತನ ಯುಗ, ಸುತನ ಯುಗ, ಪವಿತ್ರಾತ್ಮರ ಯುಗ ಎಂದು ಮೂರು ಯುಗಗಳುಂಟು, ಮೂರನೆಯದು ಹತ್ತಿರವಾಗಿದೆ ಎಂದು ಅವರು ಬರೆದಿದ್ದರು. ಬಡ ಸಂನ್ಯಾಸಿಗಳೇ ಆ ಹೊಸ ಯುಗದ ಮುಂಗೋಳಿ ಎಂದು ಅನೇಕ ಫ್ರಾನ್ಸಿಸ್ಕನ್ನರು ನಂಬಿದರು. ಯೊವಾನ್ನರಿಗೂ ಈ ಬರಹಗಳ ಮೇಲೆ ಬಹಳ ಒಲವಿತ್ತು.

1254ರಲ್ಲಿ ಗೆರಾರ್ದೊ ಎಂಬ ಯುವ ಫ್ರಾನ್ಸಿಸ್ಕನ್ ಪ್ಯಾರಿಸಿನಲ್ಲಿ ಒಂದು ಪುಸ್ತಕ ಹೊರಡಿಸಿದರು. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎರಡರ ಕಾಲವೂ ಮುಗಿಯುತ್ತ ಬಂತು, ಇನ್ನು ಯೊವಾಕಿಮರ ಬರಹಗಳೇ ನಿತ್ಯ ಶುಭಸಂದೇಶ ಎಂಬುದು ಅದರ ವಾದ. ಇದು ದೊಡ್ಡ ತಪ್ಪು. ಪ್ರಭುಯೇಸುವಿನ ಶುಭಸಂದೇಶವನ್ನು ಹಳತು ಮಾಡಿ ಅದರ ಜಾಗಕ್ಕೆ ಬರುವಂಥದ್ದು ಯಾವುದೂ ಇಲ್ಲ. ಪ್ಯಾರಿಸ್ ವಿಶ್ವವಿದ್ಯಾನಿಲಯದ ಕೆಲವು ಪಂಡಿತರು ಮೊದಲೇ ಭಿಕ್ಷಾಟನೆಯ ಸಂನ್ಯಾಸಿಗಳ ವಿರುದ್ಧ ಎದ್ದಿದ್ದರು. ಅವರಿಗೆ ಕೋಲು ತಾನಾಗಿಯೇ ಕೈಗೆ ಬಂತು. 1255ರಲ್ಲಿ ಜಗದ್ಗುರು ನಾಲ್ಕನೇ ಅಲೆಕ್ಸಾಂಡರರು ಆ ಪುಸ್ತಕವನ್ನು ಖಂಡಿಸಿದರು.

ಯೊವಾನ್ನರು ಆ ಪುಸ್ತಕ ಬರೆದವರಲ್ಲ. ಆದರೆ ಅವರ ಒಲವು ಎಲ್ಲರಿಗೂ ಗೊತ್ತಿತ್ತು. ಇಡೀ ಸಭೆ ಅಪಾಯಕ್ಕೆ ಸಿಲುಕಿತು. 1257ರ ಫೆಬ್ರವರಿ 2ರಂದು ರೋಮಿನ ಅರಾಚೇಲಿ ಮಠದಲ್ಲಿ ಮಹಾಸಮ್ಮೇಳನ ಸೇರಿತು. ಅಲ್ಲಿ ಯೊವಾನ್ನರು ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜಗದ್ಗುರುಗಳ ಇಷ್ಟವೂ ಅದೇ ಆಗಿತ್ತು. ಸಹೋದರರು ಮಾತ್ರ, ನೀವೇ ಮುಂದುವರಿಯಬೇಕು ಎಂದು ಹಿಡಿದು ಕುಳಿತರು. ಯೊವಾನ್ನರು ಒಪ್ಪಲಿಲ್ಲ. ಹಾಗಾದರೆ ಮುಂದಿನವರು ಯಾರೆಂದು ನೀವೇ ಹೇಳಿ ಎಂದರು. ಯೊವಾನ್ನರು ಹೇಳಿದ ಹೆಸರು, ಆಗ ಪ್ಯಾರಿಸಿನಲ್ಲಿ ಪಾಠ ಹೇಳುತ್ತಿದ್ದ ಬೊನವೆಂತೂರ. ಆಗಿನ್ನೂ ಅವರಿಗೆ ನಲವತ್ತು ಮುಟ್ಟಿದಷ್ಟೇ ವಯಸ್ಸು. ಸಮ್ಮೇಳನ ಅವರನ್ನೇ ಆರಿಸಿತು.

ತಾವು ತೋರಿಸಿದವರ ಎದುರಿಗೆ

ಬಾಂಧವರೇ, ಈಗ ಹೇಳುವ ಭಾಗ ಮನಸ್ಸಿಗೆ ನೋವು ತರುತ್ತದೆ. ಹೊಸ ಪ್ರಧಾನ ಸೇವಕರ ಮುಂದೆ ಹಳೆಯ ಪ್ರಧಾನ ಸೇವಕರ ವಿಶ್ವಾಸದ ಬಗ್ಗೆ ವಿಚಾರಣೆ ನಡೆಯಿತು. ಊರು ಚಿತ್ತಾ ದೆಲ್ಲಾ ಪಿಯೇವೆ. ನ್ಯಾಯಪೀಠದಲ್ಲಿ ಕುಳಿತವರು ಬೊನವೆಂತೂರ. ಕೆಳಗೆ ನಿಂತವರು ಯೊವಾನ್ನ. ತಮ್ಮ ಬಾಯಿಂದಲೇ ಯಾರ ಹೆಸರು ಹೇಳಿದ್ದರೋ ಅವರೇ ಈಗ ವಿಚಾರಿಸುವವರು.

ಈ ವಿಚಾರಣೆಯನ್ನು ವಿವರವಾಗಿ ಬರೆದ ಆಂಜೆಲೊ ಕ್ಲಾರೆನೊ ಯೊವಾನ್ನರ ಪಕ್ಷದವರು, ಬೊನವೆಂತೂರರ ಮೇಲೆ ಅವರಿಗೆ ಸಿಟ್ಟಿತ್ತು. ಆದ್ದರಿಂದ ಅವರ ಮಾತನ್ನು ತೂಗಿ ನೋಡಬೇಕು. ಬೊನವೆಂತೂರರ ಕಷ್ಟವನ್ನೂ ನಾವು ಅರಿಯಬೇಕು. ಹೊರಗೆ ಶತ್ರುಗಳು, ಒಳಗೆ ಗುಂಪುಗಳು. ಸಭೆ ಉಳಿಯಬೇಕಾದರೆ ತಪ್ಪು ಬೋಧನೆಗೆ ಜಾಗವಿಲ್ಲವೆಂದು ಲೋಕಕ್ಕೆ ತೋರಿಸಬೇಕಿತ್ತು. ಹೇಗೇ ಇರಲಿ, ಯೊವಾನ್ನರಿಗೆ ಕಠಿಣ ಶಿಕ್ಷೆಯೇ ಆಗುವುದರಲ್ಲಿತ್ತು. ಆಗ ಕಾರ್ಡಿನಲ್ ಒತ್ತೊಬೊನೊ ಅವರು, ಮುಂದೆ 1276ರಲ್ಲಿ ಜಗದ್ಗುರು ಐದನೇ ಏಡ್ರಿಯನ್ ಆದವರು, ಯೊವಾನ್ನರ ಪರವಾಗಿ ಬಲವಾಗಿ ಬರೆದರು. ಶಿಕ್ಷೆ ತಪ್ಪಿತು. ಎಲ್ಲಿ ಬೇಕಾದರೂ ಹೋಗಿ ಇರಬಹುದು ಎಂದು ಬೊನವೆಂತೂರರು ಅವರನ್ನು ಬಿಟ್ಟರು.

ಯೊವಾನ್ನರು ಆರಿಸಿಕೊಂಡದ್ದು ಗ್ರೆಚ್ಚೊ ಎಂಬ ಗುಡ್ಡದ ಮೇಲಿನ ಪುಟ್ಟ ಆಶ್ರಮ. 1223ರ ಕ್ರಿಸ್ತಜಯಂತಿಯಂದು ಸಂತ ಫ್ರಾನ್ಸಿಸರು ಎತ್ತು, ಕತ್ತೆ, ಹುಲ್ಲು ತರಿಸಿ ಗೋದಲಿ ಮಾಡಿಸಿದ್ದು ಅದೇ ಗ್ರೆಚ್ಚೊದಲ್ಲಿ. ನಮ್ಮ ಮನೆಗಳಲ್ಲಿ ಡಿಸೆಂಬರಿನಲ್ಲಿ ಕಟ್ಟುವ ಗೋದಲಿಗೆ ಆ ಊರಿನ ನೆನಪೇ ಬೇರು. ದೇವರು ಹುಲ್ಲಿನ ಮೇಲೆ ಮಲಗುವಷ್ಟು ಇಳಿದು ಬಂದರೆಂದು ಫ್ರಾನ್ಸಿಸರು ತೋರಿಸಿಕೊಟ್ಟ ಜಾಗಕ್ಕೇ ಯೊವಾನ್ನರು ತಾವೂ ಇಳಿದು ಹೋದರು. ಅಲ್ಲಿ ಸುಮಾರು ಮೂವತ್ತು ವರ್ಷ ಪ್ರಾರ್ಥನೆಯಲ್ಲಿ, ಮೌನದಲ್ಲಿ ಕಳೆದರು. ಬೇರೆ ಗುಂಪು ಕಟ್ಟಲಿಲ್ಲ, ಸಭೆ ಬಿಟ್ಟು ಹೋಗಲಿಲ್ಲ.

ಬೊನವೆಂತೂರರೂ ಒಡೆಯನಂತೆ ಬಾಳಿದವರಲ್ಲ. ಹದಿನೇಳು ವರ್ಷ ಸಭೆಯನ್ನು ನಡೆಸಿ ಅದನ್ನು ಒಡೆಯದಂತೆ ಕಾಪಾಡಿದರು. 1265ರಲ್ಲಿ ಇಂಗ್ಲೆಂಡಿನ ಯಾರ್ಕ್ ಮಹಾಧರ್ಮಾಧ್ಯಕ್ಷ ಪದವಿ ತಾನಾಗಿ ಬಂದಾಗ ಬೇಡವೆಂದು ಬೇಡಿಕೊಂಡು ತಪ್ಪಿಸಿಕೊಂಡರು. 1273ರಲ್ಲಿ ಅವರಿಗೆ ಕಾರ್ಡಿನಲ್ ಪದವಿಯ ಟೋಪಿ ತಂದವರು ಬಂದಾಗ ಅವರು ಪಾತ್ರೆ ತೊಳೆಯುತ್ತಿದ್ದರಂತೆ. ಕೈ ಒದ್ದೆಯಿದೆ, ಅಲ್ಲಿ ಮರಕ್ಕೆ ತೂಗಹಾಕಿ ಎಂದರೆಂದು ಪರಂಪರೆಯ ಕಥೆ. ಒಬ್ಬರು ತರಕಾರಿ ಹಸನು ಮಾಡಿದವರು, ಇನ್ನೊಬ್ಬರು ಪಾತ್ರೆ ತೊಳೆದವರು. ಇಬ್ಬರೂ ಒಂದೇ ಅಡುಗೆಮನೆಯ ಮಕ್ಕಳು. ಆದರೂ ಒಬ್ಬರಿಂದ ಇನ್ನೊಬ್ಬರಿಗೆ ನೋವಾಯಿತು. 1274ರ ಜುಲೈ 15ರಂದು, ಲಿಯೋನ್‌ನ ಎರಡನೇ ವಿಶ್ವಪರಿಷತ್ತು ನಡೆಯುತ್ತಿದ್ದಾಗಲೇ ಬೊನವೆಂತೂರರು ತೀರಿಕೊಂಡರು. ಧರ್ಮಸಭೆ 1482ರಲ್ಲಿ ಅವರನ್ನು ಸಂತರೆಂದು ಸಾರಿತು. 1777ರಲ್ಲಿ ಯೊವಾನ್ನರನ್ನು ಪುನೀತರೆಂದು ಒಪ್ಪಿತು. ಪೀಠದಲ್ಲಿ ಕುಳಿತವರಿಗೂ ಎದುರು ನಿಂತವರಿಗೂ ಒಂದೇ ಬಲಿಪೀಠದ ಮೇಲೆ ಗೌರವ!

ಎಂಬತ್ತರ ಯಾತ್ರಿಕ

1289. ಯೊವಾನ್ನರಿಗೆ ಎಂಬತ್ತರ ಹತ್ತಿರದ ವಯಸ್ಸು. ಆಗ ಜಗದ್ಗುರುಗಳಾಗಿದ್ದವರು ನಾಲ್ಕನೇ ನಿಕೋಲಸ್. ಫ್ರಾನ್ಸಿಸ್ಕನ್ ಸಭೆಯಿಂದ ಬಂದ ಮೊದಲ ಜಗದ್ಗುರು ಅವರು. ಲಿಯೋನ್‌ನಲ್ಲಿ 1274ರಲ್ಲಿ ಆಗಿದ್ದ ಗ್ರೀಕರೊಡನೆ ಐಕ್ಯ ಆಗಲೇ ಮುರಿದುಬಿದ್ದಿತ್ತು. ನಾಲ್ವತ್ತು ವರ್ಷದ ಹಿಂದೆ ಮುಗಿಯದೆ ಉಳಿದ ಕೆಲಸವನ್ನು ಮುಗಿಸಲು ನನ್ನನ್ನು ಮತ್ತೆ ಕಳುಹಿಸಿ ಎಂದು ಯೊವಾನ್ನರು ಕೇಳಿಕೊಂಡರು. ಅಪ್ಪಣೆ ಸಿಕ್ಕಿತು. ಮುದುಕ ಹೊರಟೇಬಿಟ್ಟರು. ಕಮೆರೀನೊ ಎಂಬ ಊರನ್ನು ಮುಟ್ಟುವಷ್ಟರಲ್ಲಿ ಶರೀರ ಸೋತಿತು. ಮಾರ್ಚ್ ತಿಂಗಳಲ್ಲಿ ಅಲ್ಲಿಯೇ ಪ್ರಾಣ ಬಿಟ್ಟರು. ಅವರ ಸ್ಮರಣೆ ಮಾರ್ಚ್ 20ರಂದು.

ಅದೇ 1289ರ ಜುಲೈನಲ್ಲಿ ಅದೇ ಜಗದ್ಗುರುಗಳು, ಗ್ರೆಚ್ಚೊಗೆ ಸಮೀಪದ ರಿಯೇತಿ ಪಟ್ಟಣದಿಂದ, ಇನ್ನೊಬ್ಬ ಫ್ರಾನ್ಸಿಸ್ಕನ್ ಸಹೋದರರನ್ನು ಪೂರ್ವದಿಕ್ಕಿಗೆ ಕಳುಹಿಸಿದರು. ಅವರ ಹೆಸರೂ ಯೊವಾನ್ನ, ಮಾಂತೆಕೊರ್ವೀನೊ ಊರಿನವರು. ಅವರು 1291ರ ಹೊತ್ತಿಗೆ ನಮ್ಮ ಭಾರತಕ್ಕೆ ಬಂದು, ಪ್ರೇಷಿತ ಸಂತ ತೋಮಸರ ಸಮಾಧಿಯ ನೆಲವಾದ ಮೈಲಾಪುರದ ಕಡೆ ಸುಮಾರು 13 ತಿಂಗಳಿದ್ದು ಸುಮಾರು ನೂರು ಮಂದಿಗೆ ದೀಕ್ಷಾಸ್ನಾನ ಕೊಟ್ಟು, ಅಲ್ಲಿಂದ ಚೀನಾಕ್ಕೆ ಹೋದರು. ನಮ್ಮ ಕರ್ನಾಟಕಕ್ಕೂ ಆ ಸಭೆಯವರು ಬಂದರು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರು ಫ್ರಾನ್ಸಿಸ್ಕನ್ ಸಭೆಯವರೇ. ಹೀಗೆ ಈ ಕಥೆ ಎಲ್ಲೋ ದೂರದ ಇಟಲಿಯದಲ್ಲ, ನಮ್ಮ ವಿಶ್ವಾಸದ ವಂಶಾವಳಿಯಲ್ಲಿಯೂ ಇದರ ಎಳೆ ಇದೆ.

ನಮಗೇನು ಪಾಠ?

ಯಜಮಾನಿಕೆ ಹೊರುವುದಕ್ಕಿಂತ ಅದನ್ನು ಇಳಿಸುವುದು ಕಷ್ಟ. ನಮ್ಮ ಮನೆಗಳನ್ನೇ ನೋಡಿ. ಹೊಲ, ಲೆಕ್ಕ, ಬೀಗದ ಕೈ ಮಗನಿಗೆ ಕೊಟ್ಟ ತಂದೆ ಕಟ್ಟೆಯ ಮೇಲೆ ಕುಳಿತು, ಬಿತ್ತನೆ ತಪ್ಪಾಯಿತು, ಹತ್ತಿಯನ್ನು ಅಗ್ಗಕ್ಕೆ ಕೊಟ್ಟ ಎಂದು ಊರಿಗೆಲ್ಲ ಹೇಳುತ್ತಾನೆ. ಸೊಸೆ ಒಲೆಯ ಮುಂದೆ ಕುಳಿತರೂ ಅತ್ತೆಯ ಕೈ ಉಪ್ಪಿನ ಡಬ್ಬಿಯ ಮೇಲೆಯೇ ಇರುತ್ತದೆ. ಸಂಘದಲ್ಲಿ ಅಧ್ಯಕ್ಷರಾಗಿದ್ದಷ್ಟು ದಿನ ಮುಂದಿನ ಬೆಂಚು. ಅವಧಿ ಮುಗಿದ ಮರುವಾರದಿಂದ ಪೂಜೆಗೂ ಬರುವುದಿಲ್ಲ. ಇನ್ನೊಂದು ಕಡೆ, ಹೊಸದಾಗಿ ಅಧಿಕಾರಕ್ಕೆ ಬಂದವರು ಮೊದಲು ಮಾಡುವ ಕೆಲಸ ಹಿಂದಿನವರ ಹುಳುಕು ಹುಡುಕುವುದು.

ನಾನು ಬೇರೆಯವರ ಮಾತು ಹೇಳುತ್ತಿಲ್ಲ. ಗುರುವಾದ ಹೊಸದರಲ್ಲಿ ಒಂದು ಧರ್ಮಕೇಂದ್ರಕ್ಕೆ ಹೋಗಿದ್ದೆ. ಅಲ್ಲಿ ಬಹುಕಾಲ ದುಡಿದಿದ್ದ ಹಿರಿಯ ಸ್ವಾಮಿಗಳು ವರ್ಗವಾಗಿ ಹೋಗಿದ್ದರು. ಮೊದಲ ಸಭೆಯಲ್ಲಿಯೇ ಅವರ ಲೆಕ್ಕದ ಪುಸ್ತಕ ತೆಗೆದು, ಇದಕ್ಕೆ ರಸೀದಿ ಎಲ್ಲಿ, ಅದಕ್ಕೆ ಸಹಿ ಎಲ್ಲಿ ಎಂದು ಹತ್ತು ಜನರ ಮುಂದೆ ದೊಡ್ಡದಾಗಿ ಮಾತಾಡಿದೆ. ಮಾತು ಅವರ ಕಿವಿಗೆ ಹೋಗಿರಲೇಬೇಕು. ಆ ವರ್ಷದ ಹಬ್ಬಕ್ಕೆ ಪಾಪನಿವೇದನೆ ಕೇಳಲು ಗುರುಗಳು ಸಾಲದೆ ಬಂದಾಗ ಅವರಿಗೇ ಹೇಳಿಕಳುಹಿಸಬೇಕಾಯಿತು. ಅವರು ಬಸ್ಸಿನಲ್ಲಿ ಬಂದರು. ಎಲ್ಲಿ ಸಾಲು ಉದ್ದವಿತ್ತೋ ಅಲ್ಲಿ ಕುಳಿತರು. ರಾತ್ರಿ ರೊಟ್ಟಿ ಪಲ್ಯ ಉಂಡು, "ಬರ್ತೀನಿ ಸ್ವಾಮಿ" ಎಂದು ನನಗೇ ಕೈ ಮುಗಿದು ಕೊನೆಯ ಬಸ್ಸು ಹಿಡಿದರು. ನಾನು ಕ್ಷಮೆ ಕೇಳಲಿಲ್ಲ. ಕೇಳಬೇಕೆಂದು ಮನಸ್ಸು ಬರುವಷ್ಟರಲ್ಲಿ ಅವರು ಪ್ರಭುವಿನ ಸನ್ನಿಧಿ ಸೇರಿದ್ದರು. ಯೊವಾನ್ನರ ವಿಚಾರಣೆಯ ಕಥೆ ಓದಿದಾಗಲೆಲ್ಲ ನನಗೆ ಆ ಬಸ್ಸು ನೆನಪಾಗುತ್ತದೆ. ಲೆಕ್ಕ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಕೇಳಿದ ರೀತಿ ತಪ್ಪು.

ಪ್ರಭುಯೇಸು ಶಿಷ್ಯರಿಗೆ ಹೇಳಿದ ಮಾತನ್ನು ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಇಂದು ಮನೆಯಲ್ಲಿ ಓದಿ. ಲೋಕದ ಅಧಿಪತಿಗಳು ದರ್ಪ ನಡೆಸುವಂತೆ ನಿಮ್ಮಲ್ಲಿ ನಡೆಯಬಾರದು, ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬುದು ಅದರ ತಿರುಳು. ಸೇವಕನಿಗೆ ಕೆಲಸ ಮುಖ್ಯ, ಕುರ್ಚಿ ಮುಖ್ಯವಲ್ಲ. ಆದ್ದರಿಂದಲೇ ಯೊವಾನ್ನರಿಗೆ ಕುರ್ಚಿ ಹೋದದ್ದು ಕೊನೆಯಾಗಲಿಲ್ಲ. ಅವರು ಬದುಕಿನಲ್ಲಿ ಪ್ರಧಾನ ಸೇವಕರಾಗಿದ್ದದ್ದು ಹತ್ತು ವರ್ಷ. ಸೇವಕರಾಗಿದ್ದದ್ದು ಕೊನೆಯ ಉಸಿರಿನವರೆಗೆ.

ಕುಟುಂಬ ಪ್ರಾರ್ಥನೆಯಲ್ಲಿ ಚಿಂತನೆಗೆ

1. ನಮ್ಮ ಮನೆಯಲ್ಲಿ ಜವಾಬ್ದಾರಿ ಬಿಟ್ಟುಕೊಟ್ಟ ಹಿರಿಯರನ್ನು ನಾವು ಇಂದಿಗೂ ಕೇಳಿ, ಮಾತಾಡಿಸಿ ಗೌರವಿಸುತ್ತೇವೆಯೇ?

2. ನಾನು ಬಿಟ್ಟುಕೊಟ್ಟ ಜವಾಬ್ದಾರಿಯನ್ನು ಈಗ ಹೊತ್ತವರಿಗಾಗಿ ಪ್ರಾರ್ಥಿಸುತ್ತೇನೆಯೇ, ಅವರ ತಪ್ಪನ್ನೇ ಎಣಿಸುತ್ತೇನೆಯೇ?

3. ಯಾರ ಲೆಕ್ಕವನ್ನು ಹತ್ತು ಜನರ ಮುಂದೆ ಕೇಳಿ ನೋಯಿಸಿದ್ದೇನೆ? ಅವರು ಬದುಕಿರುವಾಗಲೇ ಹೋಗಿ ಕ್ಷಮೆ ಕೇಳಬಲ್ಲೆನೇ?

ಪ್ರಾರ್ಥನೆ

ಪ್ರಭುವೇ, ಶಿಷ್ಯರ ಪಾದ ತೊಳೆದವರೇ, ನೀವು ಕೊಟ್ಟ ಜವಾಬ್ದಾರಿಯನ್ನು ಸೇವಕರಂತೆ ಹೊರಲು, ಸಮಯ ಬಂದಾಗ ಕಹಿಯಿಲ್ಲದೆ ಇಳಿಸಲು ನಮಗೆ ಮನಸ್ಸು ಕೊಡಿ. ನಮ್ಮನ್ನು ನೋಯಿಸಿದವರೊಡನೆ, ನಾವು ನೋಯಿಸಿದವರೊಡನೆ ನಿಮ್ಮ ಪಂಕ್ತಿಯಲ್ಲಿ ಕೂರುವ ಭಾಗ್ಯ ದಯಪಾಲಿಸಿ. ಆಮೆನ್.